ಬಗ್ಗುವ ಗಂಟೆ

ನಮ್ಮ ಶಾಲೆಗೆ ಗೇಟಿಲ್ಲ, ಗಂಟೆಯಿದೆ:
ಅಪ್ಪನ ಹಳೇ ಫೋನಿನೊಳಗೆ
ಎಂಟೂವರೆಗೆ ಒಮ್ಮೆ ಗುಂಯ್ ಎನ್ನುತ್ತದೆ.
ಆಗ ನಾನು ಲಾರಿಯ ಮುಂದಿನ ಸೀಟಿನಲ್ಲಿ
ಕಾಲು ಮಡಚಿ, ಲ್ಯಾಪ್‌ಟಾಪ್ ತೊಡೆಗೇರಿಸಿ,
ರಾಬಿನ್‌ವೇಲಿನ ನೀರಿನ ಟ್ಯಾಂಕಿನ ಪಕ್ಕ.
ಅಲ್ಲಿ ಮಾತ್ರ ಸಿಗ್ನಲ್ಲು ಎರಡು ಕಡ್ಡಿ.

ಜೇನನ್ನು ಕತ್ತಲಲ್ಲೇ ಸಾಗಿಸಬೇಕು.
ಬೆಳಕಾದರೆ ಹೊರಬಿದ್ದು
ಹಳೇ ಜಾಗ ಹುಡುಕುತ್ತ ಹೋಗಿಬಿಡುತ್ತವೆ.
ಬಾದಾಮಿ ಹೂವಿಗೆ ಆಗಸ್ಟ್, ಕನೋಲಕ್ಕೆ ಸೆಪ್ಟೆಂಬರ್,
ಆಮೇಲೆ ನದಿಯಂಚಿನ ಕೆಂಪು ನೀಲಗಿರಿ.
ಇಂಥ ಪಂಚಾಂಗಕ್ಕೆ ಒಗ್ಗುವ ಶಾಲೆ ಯಾವುದು?
ಅಮ್ಮ ಹುಡುಕಿ ಹುಡುಕಿ ಇದನ್ನು ಹಿಡಿದಳು.
"ದೇವರ ಶಾಲೆಯೂ ಹೌದು, ಬಗ್ಗುತ್ತದೆ ಕೂಡ"
ಎಂದಳು, ಹೊಸ ಚಪ್ಪಲಿ ಕೊಂಡವಳ ಹಾಗೆ.

"ಸಗೂನಾ ಸೇಲಿನ್ಸ್?"
ಮಿಸೆಸ್ ಹ್ಯಾಲಮ್ ಬಾಯಲ್ಲಿ ನನ್ನ ಹೆಸರು
ದಿನವೂ ಒಂದೇ ಕಡೆ ಕುಂಟುತ್ತದೆ.
ಸುಗುಣ, ಎಂದು ತಿದ್ದಿದ್ದು ಮೊದಲ ವಾರ ಮಾತ್ರ.

ಹಾಜರಿಯ ಮೇಲೆ ಪ್ರಾರ್ಥನೆ.
ಹನ್ನೊಂದು ಚೌಕ, ಹನ್ನೊಂದು ಬಾಗಿದ ತಲೆ.
ಎಲ್ಲರೂ ಒಟ್ಟಿಗೆ ಹೇಳಿದರೆ
ಮಾತಿಗೆ ಮಾತು ಡಿಕ್ಕಿ ಹೊಡೆಯುತ್ತದೆ;
ಕಿಂಬರ್ಲಿಯ ದನದ ಫಾರ್ಮಿನಲ್ಲಿ
ಇನ್ನೂ ಆರೂವರೆಯಲ್ಲಿರುವ ಕೆಜಾಯಾಳ ಆಮೆನ್
ನಾವು ಕಣ್ಣು ತೆರೆದ ಮೇಲೆ ಬಂದು ತಲುಪುತ್ತದೆ.
ಅದಕ್ಕೇ, "ಮೈಕು ಮುಚ್ಚಿ ಮಕ್ಕಳೇ."
ಎಲ್ಲರ ಜೊತೆಗಿನ ಪ್ರಾರ್ಥನೆಯಲ್ಲಿ
ನನಗೆ ಕೇಳುವುದು ನನ್ನ ದನಿ ಒಂದೇ.

ನಿಜ ಹೇಳುತ್ತೇನೆ,
ಮುಚ್ಚಿದ ಮೇಲೆ ಅದೂ ಕೇಳುತ್ತಿರಲಿಲ್ಲ.
ತುಟಿ ಆಡಿಸುತ್ತ ಪೆಟ್ಟಿಗೆ ಎಣಿಸುತ್ತಿದ್ದೆ,
ಇಲ್ಲವೇ ಹದಿನೇಳರ ಮಗ್ಗಿ.
ಚರ್ಚಿನ ಬೆಂಚಿನಲ್ಲಿ ಹೀಗೆ ಮಾಡಿದಾಗ
ಅಜ್ಜಿ ತೊಡೆ ಚಿವುಟುತ್ತಿದ್ದಳು.
ಇಲ್ಲಿ ಚಿವುಟುವಷ್ಟು ಹತ್ತಿರ ಯಾರೂ ಇಲ್ಲ.

ಅಡಿಲೇಡಿನ ಟೋಬಿ ನಮಗಿಂತ ಅರ್ಧ ಗಂಟೆ ಹಿಂದೆ,
ಗಡಿಯಾರದಲ್ಲಿ ಮಾತ್ರ;
ಬೀಜಗಣಿತದಲ್ಲಿ ಎರಡು ಪಾಠ ಮುಂದೆ.
ವಾರಕ್ಕೆ ಮೂರು ದಿನ ಅವನ ಚೌಕದಲ್ಲಿ
ಆಸ್ಪತ್ರೆಯ ದಿಂಬು, ಕೊಳವೆ,
ಹಿಂದೆ ಡಯಾಲಿಸಿಸ್ ಯಂತ್ರದ ಗುನುಗು.
"ಪಾಪ, ಅದೂ ಪಾಠ ಓದಿಕೊಳ್ಳುತ್ತಿದೆ" ಎನ್ನುತ್ತಿದ್ದ.
ನಾನು ಚಿಹ್ನೆ ತಪ್ಪಿಸಿದಾಗಲೆಲ್ಲ
ಯಾರಿಗೂ ಕಾಣದ ಹಾಗೆ, ನನಗೊಬ್ಬಳಿಗೇ,
ತಲೆಕೆಳಗಾದ ಒಂದು ಜೇನು ಬಿಡಿಸಿ ಕಳಿಸುತ್ತಿದ್ದ.

ಮಂಗಳವಾರ ಅವನಿರಲಿಲ್ಲ. ಬುಧವಾರವೂ.
ಹತ್ತು ಚೌಕಗಳು ಸರಿದು ಕೂತು
ಆ ಜಾಗ ತುಂಬಿಕೊಂಡಿದ್ದವು.
ಬೆಂಚಾಗಿದ್ದರೆ ಒಂದು ಖಾಲಿಯಾದರೂ ಉಳಿಯುತ್ತಿತ್ತು.

ಗುರುವಾರ ಮಿಸೆಸ್ ಹ್ಯಾಲಮ್ ಕನ್ನಡಕ ತೆಗೆದರು.
ಸೋಂಕು, ಎಂದರು. ಐಸಿಯು, ಎಂದರು.
"ಮೈಕು ಮುಚ್ಚಿ, ಪ್ರಾರ್ಥಿಸೋಣ."
ನನ್ನ ಬೆರಳು ಗುಂಡಿಯವರೆಗೂ ಹೋಗಿ ನಿಂತಿತು.
ಬಾಯಿ ತೆರೆದೆ. ಮಾತು ಬರಲಿಲ್ಲ,
ಮಗ್ಗಿಯೂ ಬರಲಿಲ್ಲ.
ಲಾರಿಯ ಬೆನ್ನಲ್ಲಿ, ಅಪ್ಪ ಇಳಿಸಲಾಗದೆ ಬಿಟ್ಟ ಹದಿನಾರು ಪೆಟ್ಟಿಗೆ,
ಬಲೆಯೊಳಗೆ ಸಿಟ್ಟಾದ ಜೇನು,
ಅವುಗಳ ಗುಂಯ್‌ಗುಡುವಿಕೆ ಸೀಟಿನಿಂದ ಬೆನ್ನುಮೂಳೆಗೆ ಹತ್ತಿ
ಮೈಕಿನೊಳಗೆ ಇಳಿಯುತ್ತಿತ್ತು.

ಕೆಜಾಯಾ ಥಟ್ಟನೆ ತಲೆಯೆತ್ತಿದಳು.
"ಟೋಬಿ ಬಂದನಾ? ಅವನ ಮಶೀನು ಕೇಳ್ತಿದೆ!"

ಯಾರೂ ಇಲ್ಲ ಎನ್ನಲಿಲ್ಲ.
ಮಿಸೆಸ್ ಹ್ಯಾಲಮ್ ಕೂಡ.
ಬಹಳ ಹೊತ್ತು ಹತ್ತು ಜನ ಆ ಸದ್ದನ್ನೇ ಕೇಳಿದೆವು,
ಸಿಗ್ನಲ್ಲು ಒಂದು ಕಡ್ಡಿಗೆ ಇಳಿದು ಚಿತ್ರ ಒಡೆಯುವ ತನಕ.
ಅದು ಪ್ರಾರ್ಥನೆಯೋ ಅಲ್ಲವೋ ಗೊತ್ತಿಲ್ಲ.
ನಾನಂತೂ ಏನನ್ನೂ ಎಣಿಸಲಿಲ್ಲ.

ಈಗ ಸಂಜೆ. ಅಪ್ಪ ಹೊಗೆಡಬ್ಬಿ ಊದುತ್ತಿದ್ದಾನೆ,
ಕೈಗವಸು ತಾ ಎಂದು ಎರಡು ಸಲ ಕೂಗಿಯಾಯಿತು.
ಲೆಕ್ಕದ ಹಾಳೆ ಮುಗಿಸಿದ್ದೇನೆ, ಏಳನೆಯದೊಂದು ಬಿಟ್ಟು.
ಅಲ್ಲಿ ಮೈನಸ್ಸು ಪ್ಲಸ್ಸಾಗಿದೆ, ಕಣ್ಣಿಗೆ ಕಾಣುತ್ತಿದೆ.
ತಿದ್ದಿಲ್ಲ, ಕಳಿಸಿಯೂ ಇಲ್ಲ.
ಕಡೆಯ ದಿನ ನಾಳೆ.
ಬಗ್ಗುತ್ತದಂತಲ್ಲ, ಬಗ್ಗಲಿ.